ಮಾಸ್ತರರು ಮಾತಾಡಿದರೋ ಇಲ್ಲವೋ

ನಮ್ಮೂರಿನ ಮಾಸ್ತರರು ಪಗಾರಕ್ಕಾಗಿ ಹರತಾಳ ಹೂಡಿದ ಶ್ರಾವಣದಲ್ಲಿ ಮಳೆ ಬಿದ್ದಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಬಿದ್ದಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದರ ವಿಚಾರಣೆಯ ಸಭೆಗೆ ಬಂದ ತಹಶೀಲ್ದಾರರ ಬೂಟಿಗೆ ಧೂಳು ಮೆತ್ತಿದ್ದು ಕಣ್ಣಿಗೆ ಕಟ್ಟಿದಂತಿದೆ. ಆ ಧೂಳು ಬೇರೆ ಯಾವುದೋ ಬೇಸಿಗೆಯದಿರಬಹುದು, ಬೂಟು ಬೇರೆ ಯಾರದೋ ಇರಬಹುದು. ಅದು ಹರತಾಳ ಎಂಬುದೂ ಕೊನೆಯವರೆಗೆ ಸಾಬೀತಾಗಲಿಲ್ಲ. ಹಾಗೆ ಸಾಬೀತಾಗದೆ ಉಳಿಯಲು ನಾನೂ ಒಂದು ಕಾರಣ. ಆದ್ದರಿಂದ ಇಷ್ಟನ್ನು ಬರೆದಿಡುತ್ತಿದ್ದೇನೆ.

ಆಗ ನಿಜಾಮರ ಕಾಲ. ನಮ್ಮೂರು ಸೇಡಂ ಮತ್ತು ಚಿತ್ತಾಪುರಗಳ ನಡುವಿನ ಒಂದು ಕಸಬೆ. ಹೆಸರು ಹೇಳುವುದಿಲ್ಲ, ಆ ಕಡೆಯವರಿಗೆ ಹೇಳಬೇಕಾಗಿಲ್ಲ, ಈ ಕಡೆಯವರಿಗೆ ಹೇಳಿದರೂ ಉಪಯೋಗವಿಲ್ಲ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಆಗಷ್ಟೇ ಬಂದಿದ್ದೆ. ಅಲ್ಲಿ ತತ್ತ್ವ, ತರ್ಕ ಎಲ್ಲವನ್ನೂ ಉರ್ದುವಿನಲ್ಲಿ ಓದಿದ್ದರಿಂದ ನನಗೆ ಎರಡು ಲಾಭವಾಗಿದ್ದವು. ಒಂದು, ಸರ್ಕಾರಿ ಕಾಗದ ಓದಲು ಬರುತ್ತಿತ್ತು. ಇನ್ನೊಂದು, ಯಾರು ಏನು ಹೇಳಿದರೂ 'ಅದಕ್ಕೆ ಪುರಾವೆ ಏನು?' ಎಂದು ಕೇಳುವ ಚಟ ಅಂಟಿತ್ತು. ಮೊದಲನೆಯದರಿಂದ ಊರಿನವರಿಗೆ ಉಪಯೋಗವಾಯಿತು. ಎರಡನೆಯದರಿಂದ ಮನೆಯವರು ಊಟಕ್ಕೆ ನನ್ನ ಜೊತೆ ಕೂಡುವುದನ್ನು ಬಿಟ್ಟರು.

"ಇವಗೊಂದು ನೌಕರಿ ಸಿಗಬೇಕು. ಇಲ್ಲಾಂದ್ರ ನಮಗೊಂದು ಬ್ಯಾರೆ ಮನಿ ಸಿಗಬೇಕು" ಎಂದು ನನ್ನ ಕಾಕಾ ಅವ್ವನಿಗೆ ಹೇಳುತ್ತಿದ್ದ. ಕಾಕಾ ಊರ ಕಮಿಟಿಯ ಮೆಂಬರ. ಊರಿನ ದೀಪ, ಗಟಾರ, ಸಂತೆ, ಶಾಲೆ ಇವೆಲ್ಲ ಆ ಕಮಿಟಿಯ ಕೈಯಲ್ಲಿದ್ದವು.

ಶಾಲೆಯಲ್ಲಿ ಮೂವರು ಮಾಸ್ತರರು. ಹೆಡ್ ಮಾಸ್ತರರು ನನಗೆ ಅಕ್ಷರ ತಿದ್ದಿಸಿದವರು. ನನ್ನ ಕಾಕಾನಿಗೆ, ಕಮಿಟಿಯ ಮುಕ್ಕಾಲು ಪಾಲು ಮೆಂಬರರಿಗೂ ಅವರೇ ತಿದ್ದಿಸಿದ್ದರು. ಹಣೆಯ ತುಂಬ ವಿಭೂತಿ, ತಲೆಗೆ ಬಿಳಿಯ ರುಮಾಲು, ಗಂಟೆಗಟ್ಟಲೆ ನಿಲ್ಲದ ಮಾತು. ಎರಡನೆಯವನು ಚಿಕ್ಕ ಮಾಸ್ತರ, ಗುಂಡಗುರ್ತಿ ಕಡೆಯವನು, ನನ್ನ ವಯಸ್ಸಿನವನು. ಮೂರನೆಯವರು ಉರ್ದು ಕಲಿಸುವ ಮೌಲ್ವಿ ಸಾಹೇಬರು. ಯುಗಾದಿಯಿಂದ ಈ ಮೂವರಿಗೂ ಪಗಾರವಿರಲಿಲ್ಲ.

ಪಗಾರದ ದುಡ್ಡು ಎಲ್ಲಿ ಹೋಯಿತೆಂದು ಊರಿಗೇ ಗೊತ್ತಿತ್ತು. ಸ್ಟೇಷನ್ನಿನ ಮುಂದೆ ಅದು ಕಮಾನಾಗಿ ನಿಂತಿತ್ತು. ದೊಡ್ಡ ಸಾಹೇಬರೊಬ್ಬರು ರೈಲಿನಲ್ಲಿ ಬರುತ್ತಾರೆ, ನಮ್ಮಲ್ಲಿ ಇಳಿಯುತ್ತಾರೆ ಎಂದು ಕಮಿಟಿಯವರು ಫರ್ಸಿ ಕಲ್ಲಿನ ಕಮಾನು ಕಟ್ಟಿಸಿದ್ದರು. ಕಲ್ಲು ಒದಗಿಸಿದವರು ಖಣಿಯ ಸಾಹುಕಾರರು. ಅವರೂ ಕಮಿಟಿಯ ಮೆಂಬರರೇ. ಸಾಹೇಬರು ಬಂದರು. ಆದರೆ ನಿದ್ದೆಯಲ್ಲಿ ಬಂದರು, ನಿದ್ದೆಯಲ್ಲೇ ವಾಡಿಗೆ ಹೋದರು. ಹಾರ ಹಿಡಿದು ನಿಂತವರು ಕಿಟಕಿಯಲ್ಲಿ ಅವರ ಒಂದು ಕಾಲುಚೀಲವನ್ನು ಮಾತ್ರ ಕಂಡರಂತೆ. ಇಷ್ಟಾದರೂ ಕಲ್ಲಿನ ಬಿಲ್ಲು ಅರ್ಧ ಬಾಕಿ ಇತ್ತು. ಮಾಸ್ತರರಿಗೆ ಮೊದಲು ಕೊಟ್ಟರೆ ತಮ್ಮದು ಇನ್ನೊಂದು ವರ್ಷ ತಡವಾಗುತ್ತದೆ ಎಂಬುದು ಸಾಹುಕಾರರಿಗೆ ಚೆನ್ನಾಗಿ ಗೊತ್ತಿತ್ತು.

ಮೌನದ ಉಪಾಯ ಹುಟ್ಟಿದ ಸಂಜೆ ನಾನೂ ಅಲ್ಲಿದ್ದೆ. ಶಾಲೆಯ ಹಿಂದೆ ಹೆಡ್ ಮಾಸ್ತರರಿಗೆ ಕಮಿಟಿ ಕೊಟ್ಟ ಎರಡು ಖೋಲಿಯ ಮನೆ. ಚಿಕ್ಕ ಮಾಸ್ತರ ಭಾಳ ಬಿಸಿಯಾಗಿದ್ದ.

"ವಾಡಿ ಸ್ಟೇಷನ್ನಿನ ಹಮಾಲ್ರು ಹರತಾಳ ಮಾಡ್ತಾರ್ರಿ. ನಾವೇನು ಅವ್ರಕಿಂತ ಕಡಿಮಿ ಭಾರ ಹೊರ್ತೀವೇನು? ನಾಳಿಂದ ಸಾಲಿಗೆ ಕೀಲಿ ಹಾಕೂಣು."

"ಕೀಲಿ ಹಾಕಿದ್ರ ಬಗಾವತ್, ದಂಗೆ ಅಂತಾರ" ಎಂದರು ಹೆಡ್ ಮಾಸ್ತರರು. "ನಿನಗೇನೋ, ಊರಿಗೆ ಹೋದ್ರ ಹೊಲ ಅದ. ನನಗ ನೌಕರಿ ಹೋದ್ರ ಈ ಮನೀನೂ ಹೋಗ್ತದ. ಈ ವಯಸ್ಸಿಗೆ ನನ್ನ ಹೇಣತೀನ ಕರಕೊಂಡು ಯಾರ ಕಟ್ಟಿ ಮ್ಯಾಲ ಕುಂದರ್ಲಿ?" ಸ್ವಲ್ಪ ಹೊತ್ತು ರುಮಾಲು ಸುತ್ತಿದರು, ಬಿಚ್ಚಿದರು. "ಸೋಮವಾರ ಶ್ರಾವಣ ಹಿಡೀತದ. ಸಾಲಿಗೆ ಬರೂಣು, ಕುಂದರೂಣು. ಬಾಯಿ ಬಿಚ್ಚೂದು ಬ್ಯಾಡ. ಮೌನವ್ರತ! ವ್ರತ ಹಿಡದವನ್ನ ಯಾವ ಸರ್ಕಾರ ಕೇಳ್ತದ?"

ಮೌಲ್ವಿ ಸಾಹೇಬರು ಗಡ್ಡ ನೀವಿಕೊಂಡರು. "ನಾ ಶ್ರಾವಣ ಹೆಂಗ ಹಿಡೀಲ್ರಿ ಮಾಸ್ತರ್ರ?"

"ನಿಮಗ ಗಂಟಲ ಬ್ಯಾನಿ ಬರಂಗಿಲ್ಲೇನ್ರಿ ಸಾಹೇಬ್ರ?"

"ಬರ್ತದ" ಎಂದರು ಮೌಲ್ವಿ ಸಾಹೇಬರು, ಒಂದು ಕ್ಷಣ ಯೋಚಿಸಿ. "ಸೋಮವಾರ ಮುಂಜಾನೆ ಬರ್ತದ."

ಬಂತು. ಕುತ್ತಿಗೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡು, ಹಕೀಮರು ಕೊಟ್ಟ ಕಷಾಯದ ಶೀಶೆಯನ್ನು ಮೇಜಿನ ಮೇಲಿಟ್ಟುಕೊಂಡು ಅವರು ಕುರ್ಚಿಯಲ್ಲಿ ಕುಳಿತರು. ಚಿಕ್ಕ ಮಾಸ್ತರ ಕಣ್ಣು ಮುಚ್ಚಿದ. ಹೆಡ್ ಮಾಸ್ತರರು ನೆಟ್ಟಗೆ ಕುಳಿತು ಗೋಡೆ ನೋಡಿದರು. ಮೊದಲ ಅರ್ಧ ತಾಸು ಹುಡುಗರು ಹೆದರಿ ಉಸಿರು ಬಿಗಿಹಿಡಿದಿದ್ದರಂತೆ. ಆಮೇಲೆ ಎದ್ದ ಗದ್ದಲ ಸಂತೆಯ ತನಕ ಕೇಳಿಸಿತು. ಎರಡನೆಯ ವಾರಕ್ಕೆ ಶಾಲೆಯ ಅಂಗಳದಲ್ಲಿ ಚಿಣಿಫಣಿ ಆಟ, ಒಳಗೆ ಕುಸ್ತಿ, ಮಾಡಿನ ಮೇಲೆ ಮೂವರು ಹುಡುಗರು. ಹಲಗೆಯ ಮೇಲೆ ಏನನ್ನಾದರೂ ಬರೆಯಬಹುದಿತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ ಹೆಡ್ ಮಾಸ್ತರರು ಸುಣ್ಣದ ಕಡ್ಡಿಯ ಖಾಲಿ ಡಬ್ಬಿಯನ್ನು ಬೋರಲು ಮಾಡಿ ತೋರಿಸಿದರು. ಅದನ್ನು ಕೊಡಿಸಬೇಕಾದವರೂ ಕಮಿಟಿಯವರೇ.

ಹೆಡ್ ಮಾಸ್ತರರನ್ನು ಮಾತಾಡಿಸಲು ಸಾಹುಕಾರರು ಏನೇನು ಮಾಡಿದರೆಂಬುದಕ್ಕೆ ಊರಿನಲ್ಲಿ ಅನೇಕ ಕಥೆಗಳಿವೆ. ಅವುಗಳಲ್ಲಿ ಅರ್ಧ ನಾನೇ ಹುಟ್ಟಿಸಿದವು ಎಂಬ ಅನುಮಾನ ನನಗಿದೆ. ಒಬ್ಬ ಆಳು ಓಡಿ ಬಂದು "ಮಾಸ್ತರ್ರ, ನಿಮ್ಮ ಮನಿಗೆ ಬೆಂಕಿ ಬಿದ್ದದ!" ಎಂದು ಕೂಗಿದ್ದು ನಿಜ. ಮಾಸ್ತರರು ತುಟಿ ಬಿಚ್ಚದೆ ಎದ್ದು, ಕೂಗಿದವನ ಕೈಗೇ ಬಕೆಟ್ಟು ಕೊಟ್ಟರಂತೆ. ಹಜಾಮನು ಅವರ ಗಡ್ಡ ಅರ್ಧ ಬೋಳಿಸಿ ನಿಲ್ಲಿಸಿ, "ಒಂದು ಮಾತು ಆಡ್ರಿ, ಉಳದದ್ದು ತೆಗೀತೀನಿ" ಎಂದನಂತೆ. ಅವರು ಆ ಅರ್ಧ ಗಡ್ಡದಲ್ಲೇ ಶಾಲೆಗೆ ಹೋದರಂತೆ. ಇದನ್ನು ನಾನು ಕಂಡಂತೆ ನೆನಪಿದೆ, ಆದರೆ ನಂಬುವುದಿಲ್ಲ. ಮಾಸ್ತರರ ಹೆಂಡತಿ ನನ್ನ ಅವ್ವನ ಮುಂದೆ ಹೇಳಿದ್ದನ್ನು ಮಾತ್ರ ನಂಬುತ್ತೇನೆ. "ಲಗ್ನ ಆದಾಗಿಂದ ಈಗೇ ನೋಡ್ರಿ ನನ್ನ ಮಾತು ಪೂರಾ ಆಗಲಿಕತ್ತದ. ಪಗಾರ ಬರ್ಲಿ ಬ್ಯಾಡ, ಶ್ರಾವಣ ಎರಡು ಬರ್ಲಿ."

ಸಾಹುಕಾರರ ಸಹನೆ ತೀರಿತು. ಇದು ವ್ರತವಲ್ಲ, ಹರತಾಳ. ಮೂವರನ್ನೂ ತೆಗೆದುಹಾಕಬೇಕು ಎಂದು ಅವರು ತಹಶೀಲ್ದಾರರಿಗೆ ದರಖಾಸ್ತು ಕಳಿಸಿದರು. ಕಮಿಟಿಗೆ ತಹಶೀಲ್ದಾರರೇ ಸದರು, ಅಂದರೆ ಅಧ್ಯಕ್ಷರು. ಅವರು ಹೈದರಾಬಾದ್ ಕಡೆಯವರು, ಕನ್ನಡ ಬಾರದು. ಮೆಂಬರರಲ್ಲಿ ಸರಿಯಾಗಿ ಉರ್ದು ಬರುವವರಿಲ್ಲ. ಹೀಗಾಗಿ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸಲು ನನ್ನನ್ನು ಕರೆದರು. ಹಿಂದಿನ ದಿನ ಕಾಕಾ ನನ್ನನ್ನು ಪಡಸಾಲೆಗೆ ಕರೆದ.

"ತಮ್ಮ, ಹೆಡ್ ಮಾಸ್ತರ್ನ ತೆಗದ್ರ ಆ ಜಾಗಾಕ್ಕ ನಿನ್ನ ಹಾಕೂಣು ಅಂತ ಸಾಹುಕಾರ್ರು ಅಂದಾರ."

"ನೀ ಏನಂದಿ ಕಾಕಾ?"

"ನಾ ಏನೂ ಅನ್ಲಿಲ್ಲ. ಆ ಮನಷ್ಯಾ ನನಗ ಕಲಿಸ್ಯಾನ. ಆದ್ರ ನೀ ನನ್ನ ಮನ್ಯಾಗ ಉಣ್ಣಾಕತ್ತೀದಿ."

ಆ ನೌಕರಿ ನನಗೆ ಬೇಕಿತ್ತೋ? ಬೇಕಿತ್ತು. ಬೇಡವಾಗಿತ್ತು ಎಂದು ಈಗ ಬರೆಯುವುದು ಸುಲಭ, ಅಷ್ಟೇ.

ಸಭೆ ಚಾವಡಿಯಲ್ಲಿ ಕೂಡಿತು. ತಹಶೀಲ್ದಾರರಿಗೆ ಕುರ್ಚಿ, ಮೇಜು, ಮೆಂಬರರಿಗೆ ಜಮಖಾನೆ. ಎದುರಿಗೆ ಮೂವರು ಮಾಸ್ತರರು. ನಡುವೆ, ಹೆಡ್ ಮಾಸ್ತರರ ಮೊಣಕಾಲು ನನಗೆ ತಾಗುವಷ್ಟು ಹತ್ತಿರ, ನಾನು. ಹೊರಗೆ ಅರ್ಧ ಊರು ನಿಂತಿತ್ತು.

ಸಾಹುಕಾರರು ಮೊದಲು ಎದ್ದರು. "ನೊಗಾ ಹೊತಗೊಂಡು ನಿಂತದ, ಎಳಿಯಂಗಿಲ್ಲ. ಅಂಥಾ ಎತ್ತಿಗೆ ಏನಂತೀರಿ?"

"ಅದರ ಮುಂದ ಯುಗಾದಿಯಿಂದ ಕಣಕಿ ಬಿದ್ದಿಲ್ಲಲ್ರಿ" ಎಂದ ಕಾಕಾ, ನೆಲ ನೋಡುತ್ತ.

"ಹಂಗಾದ್ರ ಬಾಯಿ ಬಿಟ್ಟು ಕೇಳ್ಬೇಕು! ಸುಮ್ಮ ಕುಂತ್ರ ಯಾರಿಗೆ ತಿಳೀಬೇಕು?"

"ಏಪ್ರಿಲ್‌ನ್ಯಾಗ ಕೇಳ್ಯಾರ, ಮೇದಾಗ ಕೇಳ್ಯಾರ. ಆವಾಗ ನೀವ ಅಂದ್ರಿ, ಮಾಸ್ತರ್ರು ಭಾಳ ಮಾತಾಡ್ತಾರ ಅಂತ."

ಹೊರಗಿನ ಜನ ನಕ್ಕರು. ಸೇಡಂ ಕಡೆಯ ಮುಧೋಳದಲ್ಲಿ ಜಮೀನಿದ್ದ ಮುದಿ ಮೆಂಬರರೊಬ್ಬರು, ವ್ರತ ಹಿಡಿದವರನ್ನು ನೌಕರಿಯಿಂದ ತೆಗೆದರೆ ಮಳೆ ಹೋಗುತ್ತದೆ ಎಂದರು. ಸಾಹುಕಾರರು, ಪಾಠ ಮಾಡದವರಿಗೆ ಪಗಾರ ಕೊಟ್ಟರೆ ಕಮಿಟಿಯೇ ಹೋಗುತ್ತದೆ ಎಂದರು. ನಾನು ಎತ್ತು, ನೊಗ, ಕಣಕಿ, ಮಳೆ ಎಲ್ಲವನ್ನೂ ಉರ್ದುವಿಗೆ ದಾಟಿಸಿದೆ. ತಹಶೀಲ್ದಾರರು ಕೇಳಿ ಕೇಳಿ, ಇದು ಶಾಲೆಯ ಸಭೆಯೋ ದನದ ಸಂತೆಯೋ ಎಂದರು. ಅದನ್ನು ನಾನು ಕನ್ನಡಕ್ಕೆ ದಾಟಿಸಲಿಲ್ಲ.

ಆಮೇಲೆ ಅವರು ನೇರವಾಗಿ ಹೆಡ್ ಮಾಸ್ತರರನ್ನೇ ಕೇಳಿದರು: ನೀವು ಮಾಡುತ್ತಿರುವುದು ಹರತಾಳವೋ?

ಮಾಸ್ತರರು ಆಕಾಶ ತೋರಿಸಿದರು. ಎದೆಯ ಮೇಲಿನ ಲಿಂಗಕ್ಕೆ ಕೈ ಮುಟ್ಟಿಸಿದರು. ಆಮೇಲೆ ಹೊಟ್ಟೆಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿಕೊಂಡರು.

"ದೇವರಾಣಿ, ವ್ರತ, ಉಪಾಸ ಅಂತಾರ" ಎಂದ ಕಾಕಾ.

"ಊಟ ಆಗ್ಯಾದ, ಹೊಟ್ಟಿ ತುಂಬ್ಯಾದ ಅಂತಾರ!" ಎಂದರು ಸಾಹುಕಾರರು.

ತಹಶೀಲ್ದಾರರು ನನ್ನ ಕಡೆ ನೋಡಿದರು. ಹುಜೂರ್, ನಾನು ಕನ್ನಡವನ್ನು ಉರ್ದು ಮಾಡಲು ಬಂದವನು, ಹೊಟ್ಟೆಯನ್ನು ಉರ್ದು ಮಾಡಲು ನನಗೆ ಬರುವುದಿಲ್ಲ ಎಂದೆ. ಅವರ ಮೀಸೆಯ ತುದಿ ಅಲುಗಿತು. ಆಗ ಅವರು ಒಂದು ಮಾತು ಹೇಳಿದರು, ಮುಂದಿನದೆಲ್ಲ ಅದರ ಮೇಲೆ ನಿಂತಿತು. ನಿಜವಾದ ವ್ರತವಾದರೆ ಸರ್ಕಾರ ಅದರಲ್ಲಿ ಕೈಹಾಕುವುದಿಲ್ಲ, ಬಾಕಿ ಪಗಾರವನ್ನೇ ಮೊದಲು ಕೊಡಲಾಗುತ್ತದೆ. ಆದರೆ ಈ ಮನುಷ್ಯ ಶ್ರಾವಣ ಮುಗಿಯುವುದರೊಳಗೆ ಒಂದೇ ಒಂದು ಮಾತಾಡಿದರೂ ಇದು ಹರತಾಳ, ಅಂದೇ ನೌಕರಿ ಖಲಾಸ್, ಮನೆಯೂ ಖಾಲಿ. ಒಪ್ಪಿಗೆಯೇ?

ಎಲ್ಲರೂ ಒಪ್ಪಿದರು. ಹೆಡ್ ಮಾಸ್ತರರೂ ತಲೆಯಾಡಿಸಿದರು. ಸಾಹುಕಾರರ ಮುಖ ಮಾತ್ರ ಇದ್ದಕ್ಕಿದ್ದಂತೆ ಶಾಂತವಾಯಿತು. ಅವರು ಜಮಖಾನೆಯ ಮೇಲೆ ಆರಾಮಾಗಿ ಕುಳಿತು, ಅದಿರಲಿ, ನನ್ನ ಕಮಾನಿನ ಹಿಸಾಬು ಒಂದು ಹೇಳಿಬಿಡುತ್ತೇನೆ ಎಂದು ಶುರು ಮಾಡಿದರು.

ಇಲ್ಲಿ ನಮ್ಮ ಶಾಲೆಯ ಒಂದು ರಿವಾಜನ್ನು ಹೇಳಬೇಕು. ಹೆಡ್ ಮಾಸ್ತರರಿಗೆ ಲೋಕದಲ್ಲಿ ಸಹಿಸಲಾಗದ ಒಂದೇ ಒಂದು ವಸ್ತು ತಪ್ಪು ಮಗ್ಗಿ. ಯಾರಾದರೂ ತಪ್ಪಿದರೆ ಅವರ ಬಾಯಿಂದ ಸರಿ ಉತ್ತರ ತಾನಾಗಿ ಸಿಡಿಯುತ್ತಿತ್ತು. ಅವರು ಹೇಳುವುದಕ್ಕೆ ಮೊದಲೇ ಯಾವ ಹುಡುಗ ಸರಿ ಹೇಳುತ್ತಾನೋ ಅವನು ತಪ್ಪಿದವನ ಮೂಗು ಹಿಡಿದು ಜಗ್ಗಬೇಕು, ತಪ್ಪಿದವನು ಎದ್ದು ನಿಲ್ಲಬೇಕು. ಈ ಪದ್ಧತಿಯಲ್ಲಿ ಕಲಿತವರ ಮೂಗುಗಳು ನಮ್ಮ ಊರಿನಲ್ಲಿ ಇಂದಿಗೂ ಒಂದಿಷ್ಟು ಉದ್ದ. ಮಾಸ್ತರರ ಈ ದೌರ್ಬಲ್ಯ ಸಾಹುಕಾರರಿಗೆ ಗೊತ್ತಿಲ್ಲದ್ದೇನಲ್ಲ. ಅವರೂ ಅದೇ ಶಾಲೆಯಲ್ಲಿ ಕೂತೆದ್ದವರು.

"ಒಂದು ಸಾಲಿಗೆ ಹದಿನೇಳು ಫರ್ಸಿ" ಎಂದರು ಸಾಹುಕಾರರು, ಹೆಡ್ ಮಾಸ್ತರರ ಮುಖವನ್ನೇ ನೋಡುತ್ತ. "ಅಂಥಾವು ಎಂಟು ಸಾಲು. ಹದಿನೇಳೆಂಟ್ಲೆ..." ಒಂದು ಕ್ಷಣ ತಡೆದು, ಒಂದೊಂದೇ ಅಕ್ಷರ ಬಿಡಿಸಿ, "ನೂರಾ ನಲವತ್ತಾರು."

ನನ್ನ ಮೊಣಕಾಲಿಗೆ ತಾಗಿದ್ದ ಮೊಣಕಾಲು ತಟಕ್ಕನೆ ಅದುರಿತು.

"ನೂರಾ ಮೂವತ್ತಾರು!"

ಚಾವಡಿಯ ಗೋಡೆಗಳೇ ಕೂಗಿದಂತಾಯಿತು. ಮೆಂಬರರು ಕೂಗಿದರು. ಬಾಗಿಲಲ್ಲಿ ನಿಂತ ಪೇದೆ ಕೂಗಿದ. ಹೊರಗಿನ ಅರ್ಧ ಊರು ಕೂಗಿತು. ಮುಧೋಳದ ಮುದುಕರು ತುಸು ತಡವಾಗಿ, ಒಬ್ಬರೇ ಕೂಗಿದರು. ನಾನೂ ಕೂಗಿದೆ. ಅಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಸಾಹುಕಾರರ ಪಕ್ಕದಲ್ಲೇ ಕುಳಿತಿದ್ದ ನನ್ನ ಕಾಕಾ, ಐವತ್ತು ದಾಟಿದ ಮನುಷ್ಯ, ತನಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಕೈ ಚಾಚಿ ಸಾಹುಕಾರರ ಮೂಗು ಹಿಡಿದು ಜಗ್ಗಿಬಿಟ್ಟ. ಸಾಹುಕಾರರು ಅಷ್ಟೇ ವಿಧೇಯರಾಗಿ ಎದ್ದು ನಿಂತರು.

ಕಾಕಾ ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ತಹಶೀಲ್ದಾರರು ಕುರ್ಚಿಯಿಂದ ಅರ್ಧ ಎದ್ದು, ಇದೇನು, ಸಭೆಯಲ್ಲಿ ಮಾರಾಮಾರಿಯೇ ಎಂದು ನನ್ನನ್ನು ಕೇಳಿದರು. ನಾನು ಶಾಲೆಯ ರಿವಾಜನ್ನು ವಿವರಿಸಿದೆ. ಅವರು ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ಹೆಗಲು ಮಾತ್ರ ಕುಣಿಯುತ್ತಿತ್ತು. ನಕ್ಕರೆಂದು ನನ್ನ ಊಹೆ, ಕೆಮ್ಮೂ ಇದ್ದಿರಬಹುದು.

ಸಾಹುಕಾರರಿಗೆ ಎಚ್ಚರವಾಯಿತು. ಕೆಂಪಾದ ಮೂಗನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಹೆಡ್ ಮಾಸ್ತರರನ್ನು ತೋರಿಸಿದರು. "ಅವರೂ ಅಂದ್ರು! ಎಲ್ಲಾರಕಿಂತ ಮೊದಲ ಅವರೇ ಅಂದ್ರು! ನಾ ಕಣ್ಣಾರೆ ನೋಡೀನಿ, ತುಟಿ ಅಲಗ್ಯಾವ!"

"ತುಟಿ ಅಲಗಿದ್ರ ಮಾತೇನ್ರಿ? ಜಪ ಮಾಡಾಕತ್ತಿರಬೇಕು" ಎಂದ ಕಾಕಾ.

"ನೀ ಸುಮ್ಮ ಕುಂದ್ರು! ಮೂಗು ಹಿಡದವ ಸಾಕ್ಷಿ ಹೇಳಾಕ ಬರ್ತಾನ!"

ಗದ್ದಲವಾಯಿತು. ಒಂದು ಕಡೆಯವರು ಅಂದರು ಎಂದರು, ಇನ್ನೊಂದು ಕಡೆಯವರು ಇಲ್ಲ ಎಂದರು. ಎಲ್ಲರೂ ತಾವೇ ಕೂಗುತ್ತಿದ್ದುದರಿಂದ ಬೇರೆಯವರದು ಯಾರಿಗೂ ಕೇಳಿಸಿರಲಿಲ್ಲ. ತಹಶೀಲ್ದಾರರು ಮೇಜು ಬಡಿದು ನನ್ನ ಕಡೆ ತಿರುಗಿದರು. ನೀವು ಓದಿದವರು, ಅವರ ಪಕ್ಕದಲ್ಲೇ ಕುಳಿತಿದ್ದೀರಿ. ಆಣೆ ಮಾಡಿ ಹೇಳಿ, ಮಾತಾಡಿದರೋ ಇಲ್ಲವೋ?

ಹೆಡ್ ಮಾಸ್ತರರು ನನ್ನತ್ತ ನೋಡಲಿಲ್ಲ. ಗೋಡೆ ನೋಡುತ್ತಿದ್ದರು. ರುಮಾಲಿನ ಅಂಚಿನಿಂದ ಒಂದು ಹನಿ ಬೆವರು ಹೊರಟು ವಿಭೂತಿಯನ್ನು ಸೀಳಿಕೊಂಡು ಹುಬ್ಬಿಗೆ ಇಳಿಯಿತು. ಕಾಕಾ ನನ್ನನ್ನು ನೋಡುತ್ತಿದ್ದ. ಸಾಹುಕಾರರೂ ನೋಡುತ್ತಿದ್ದರು, ಮೂಗಿನ ಮೇಲಿಂದ.

ನಾನು ನಿಜವಾಗಿ ಹುಡುಕಿದೆ. ನನ್ನ ಎಡಗಿವಿಯಲ್ಲಿ ಒಂದು ದನಿ, ಉಳಿದ ದನಿಗಳಿಗಿಂತ ಕೂದಲೆಳೆಯಷ್ಟು ಮುಂಚೆ, ಇದ್ದಂತಿತ್ತು. ಆದರೆ ಆ ಉತ್ತರವನ್ನು ಆ ದನಿಯಲ್ಲಿ ನಾನು ಬಾಲ್ಯದಲ್ಲಿ ಎಷ್ಟು ಸಲ ಕೇಳಿದ್ದೆನೆಂದರೆ, ಅದು ಆ ದಿನದ್ದೋ ಹಳೆಯದೋ ಹೇಳುವುದು ಹೇಗೆ? ಹದಿನೇಳೆಂಟ್ಲೆ ಎಂದರೆ ಈಗಲೂ ಆ ದನಿಯೇ ಕೇಳುತ್ತದೆ, ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ. ನಾನು ಅದನ್ನೇ ಹೇಳಿದೆ. ಹುಜೂರ್, ಕೇಳಿಸಿದಂತಿದೆ, ಆದರೆ ಅವರು ಮಾತಾಡದಿದ್ದರೂ ನನಗೆ ಕೇಳಿಸುತ್ತಿತ್ತು. ಆಣೆ ಮಾಡಲಾರೆ.

ಹೌದೋ ಅಲ್ಲವೋ ಹೇಳಿ ಎಂದರು ತಹಶೀಲ್ದಾರರು.

ಅನುಮಾನ ಎಂದೆ.

ಅವರು ಗುಮಾಸ್ತನನ್ನು ಕರೆದು ಉರ್ದುವಿನಲ್ಲಿ ಬರೆಸಿದರು: ಹರತಾಳ ಸಾಬೀತಾಗಿಲ್ಲ, ವ್ರತವೆಂದೇ ತಿಳಿಯತಕ್ಕದ್ದು, ಮೂವರಿಗೂ ಯುಗಾದಿಯಿಂದ ಬಾಕಿಯಿದ್ದ ಪಗಾರವನ್ನು ಮೊದಲು ಕೊಡತಕ್ಕದ್ದು, ಕಮಾನಿನ ಬಿಲ್ಲು ಹಿಸಾಬು ತಿದ್ದಿ ತಂದ ಮೇಲೆ ನೋಡತಕ್ಕದ್ದು. ಇಷ್ಟನ್ನು ನಾನು ಕನ್ನಡಕ್ಕೆ ದಾಟಿಸಿದೆ. ಸಾಹುಕಾರರು ಎದ್ದು ಚಪ್ಪಲಿ ಮೆಟ್ಟುತ್ತ, "ಬಿ.ಎ. ಪಾಸಾಗಿ ಬಂದಾನ, ಮಗ್ಗಲಾಗ ಕುಂತವ್ರ ಮಾತು ಕೇಳಂಗಿಲ್ಲ" ಎಂದು ಕಾಕಾನಿಗೆ ಹೇಳಿ ಹೋದರು. ಕಾಕಾ ಆ ರಾತ್ರಿ ನನ್ನ ಜೊತೆ ಊಟಕ್ಕೆ ಕುಳಿತ. ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿದ.

ಪಗಾರ ಬಂದಿತು. ಆದರೆ ಹೆಡ್ ಮಾಸ್ತರರು ಈಗ ತಾವೇ ಕಟ್ಟಿದ ಬಲೆಯಲ್ಲಿದ್ದರು. ವ್ರತ ಎಂದು ಸರ್ಕಾರವೇ ಬರೆದುಕೊಟ್ಟ ಮೇಲೆ ಅಮಾವಾಸ್ಯೆ ಮುಗಿಯುವ ತನಕ ಮಾತಾಡುವಂತಿರಲಿಲ್ಲ. ಮೌಲ್ವಿ ಸಾಹೇಬರ ಗಂಟಲು ಪಗಾರ ಕೈಗೆ ಬಿದ್ದ ದಿನವೇ ವಾಸಿಯಾಯಿತು. ಚಿಕ್ಕ ಮಾಸ್ತರನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವನೂ ಮಾತು ಶುರು ಮಾಡಿಕೊಂಡ. ಹೆಡ್ ಮಾಸ್ತರರು ಮಾತ್ರ ಬಾಯಿ ಬಿಗಿದುಕೊಂಡು ಒದ್ದಾಡಿದರು. ಸಾಹುಕಾರರು ದಿನಾಲೂ ಖಣಿಗೆ ಹೋಗುವ ಮುಂಚೆ ಶಾಲೆಯ ಬಾಗಿಲಿಗೆ ಬಂದು ನಿಂತು ಕಿವಿಗೊಡುತ್ತಿದ್ದರು. ಹೆಡ್ ಮಾಸ್ತರರ ಹುಡುಗರ ಪಾಠ ನಿಲ್ಲಬಾರದೆಂದು ನಾನು ಪಗಾರವಿಲ್ಲದೆ ಅವರ ಬಾಯಾದೆ: ಅವರು ಬೆರಳು ತೋರಿಸುವುದು, ನಾನು ಹೇಳುವುದು. ನನ್ನ ಉಚ್ಚಾರ ಅವರಿಗೆ ಸರಿಬರದಾಗ ಅವರು ಅನುಭವಿಸಿದ ಸಂಕಟವನ್ನು ನೋಡಿ, ಇದಕ್ಕಿಂತ ನೌಕರಿ ಹೋಗಿದ್ದರೇ ವಾಸಿ ಎಂದುಕೊಂಡರೇನೋ ಅನ್ನಿಸುತ್ತಿತ್ತು.

ಅಮಾವಾಸ್ಯೆಯ ಮರುದಿನ ಮುಂಜಾನೆ ಸಾಹುಕಾರರು ಬಾಗಿಲಲ್ಲೇ ಇದ್ದರು. "ಈಗರೆ ಹೇಳ್ರಿ ಮಾಸ್ತರ್ರ. ತೀರ್ಪು ಆಗಿಹೋಗ್ಯಾದ, ನಾ ಏನೂ ಮಾಡಂಗಿಲ್ಲ. ಆವತ್ತು ಅಂದ್ರೋ ಇಲ್ಲೋ?"

ಇಡೀ ಶಾಲೆ ಕಿವಿಯಾಯಿತು. ಮಾಸ್ತರರು ಗಂಟಲು ಸರಿಪಡಿಸಿಕೊಂಡರು. ಅಷ್ಟು ದಿನದ ತುಕ್ಕು ಉದುರಿದಂತೆ ಸದ್ದಾಯಿತು.

"ಸಾಕ್ಷಿದಾರ ಇಲ್ಲೇ ನಿಂತಾನಲ್ಲ. ಅವನ್ನ ಕೇಳ್ರಿ" ಎಂದು ನನ್ನನ್ನು ತೋರಿಸಿ, ಹುಡುಗರ ಕಡೆ ತಿರುಗಿ, ಮಧ್ಯಾಹ್ನದ ತನಕ ನಿಲ್ಲಿಸದೆ ಮಾತಾಡಿದರು.

ಸಾಹುಕಾರರು ಕೇಳುತ್ತಲೇ ಇದ್ದರು. ಸಂತೆಯಲ್ಲಿ ಕೇಳಿದರು. ನನಗೆ ಶಹಾಬಾದಿನಲ್ಲಿ ನೌಕರಿಯಾದ ಮೇಲೆ ಅಲ್ಲಿಗೂ ಬಂದು ಕೇಳಿದರು. ಕಡೆಯ ಸಲ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಾಗ ಕೋಲು ಊರಿಕೊಂಡಿದ್ದರು, ಕಣ್ಣು ಮಂಜಾಗಿತ್ತು. ಪಾಪ ಎನಿಸಿ, "ಹೌದ್ರಿ ಸಾಹುಕಾರ್ರ, ಮಾಸ್ತರ್ರು ಅಂದ್ರು" ಎಂದುಬಿಟ್ಟೆ.

ಅವರಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನ ತೋಳು ಹಿಡಿದು ಮುಖದ ಹತ್ತಿರ ಬಂದರು.

"ಖರೇ ಹೇಳಾಕತ್ತೀದೋ, ನನ್ನ ಸಮಾಧಾನಕ್ಕ ಹೇಳಾಕತ್ತೀದೋ?"

"ಅದೇ ತಿಳೀವಲ್ದ್ರಿ" ಎಂದೆ. ರೈಲು ಬಂತು, ಇಬ್ಬರೂ ಹತ್ತಿದೆವು.